ಹಿರಿಯರು ಇದ್ದಲ್ಲೇ ಇರಲಿ, ಪಾಳಿ ಆರೈಕೆಯದಾಗಲಿ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಸೀಮೆಯ ಯಾವುದಾದರೂ ಹಳ್ಳಿಗೆ ಹೋಗಿ ‘ಇಲ್ಲಿ ಡಿಮೆನ್ಷಿಯಾ ಇರುವವರು ಇದ್ದಾರೆಯೇ’ ಎಂದು ವಿಚಾರಿಸಿದರೆ ಇಲ್ಲವೆಂದೇ ಉತ್ತರ ಬರುತ್ತದೆ. ಉಂಡು ಕೈ ತೊಳೆದ ಮೇಲೂ ‘ನನಗ ಊಟಾನ ಹಾಕಿಲ್ಲ’ ಎನ್ನುವ ಆಯಿ, ಹೊಲಕ್ಕೆಂದು ಹೊರಟು ಪಕ್ಕದೂರಿನ ಬಸ್ ಸ್ಟ್ಯಾಂಡಿನಲ್ಲಿ ಸಿಗುವ ಅಜ್ಜ, ಹೆತ್ತ ಮಗನನ್ನೇ ‘ನೀ ಯಾರ ಪೈಕಿ ತಮ್ಮಾ’ ಎಂದು ಕೇಳುವ ಅವ್ವ ಇದ್ದಾರೆಯೇ ಎಂದು ಕೇಳಿದರೆ ಮಾತ್ರ ಜನ ಮನೆಗಳನ್ನು ತೋರಿಸುತ್ತಾರೆ. ಹಿಂದೆಯೇ ‘ವಯಸ್ಸಾತಲ್ರಿ, ಅರಳು ಮರಳು’ ಎಂಬ ಸಮಾಧಾನವೂ ಬರುತ್ತದೆ.

ಈ ಸಮಾಧಾನ ದುಬಾರಿಯಾದದ್ದು. ವಯಸ್ಸಾದಂತೆ ಮರೆವು ತುಸು ಹೆಚ್ಚುವುದು ಸಹಜ. ಕನ್ನಡಕ ಎಲ್ಲಿಟ್ಟೆನೆಂದು ಹುಡುಕುವುದು ರೋಗವಲ್ಲ. ಕನ್ನಡಕ ಯಾತಕ್ಕೆಂಬುದೇ ಮರೆತುಹೋಗುವುದು, ಆಯುಷ್ಯವಿಡೀ ರೊಟ್ಟಿ ಬಡಿದ ಕೈಗೆ ಹಿಟ್ಟು ನಾದುವ ಕ್ರಮ ತಪ್ಪುವುದು, ಹುಟ್ಟಿದ ಓಣಿಯಲ್ಲೇ ದಾರಿ ಕಳೆದುಕೊಳ್ಳುವುದು ಮಿದುಳಿನ ಕಾಯಿಲೆ. ದೇಶದ ಹಿರಿಯರ ಬಗ್ಗೆ ನಡೆಯುತ್ತಿರುವ ‘ಲಾಸಿ’ ಸಮೀಕ್ಷೆಯ ಭಾಗವಾಗಿ ಮಾಡಿದ ಅಧ್ಯಯನವೊಂದರ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅದರಂತೆ 60 ದಾಟಿದ ಭಾರತೀಯರಲ್ಲಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಇದೆ. 2036ರ ಹೊತ್ತಿಗೆ ಈ ಸಂಖ್ಯೆ 1.69 ಕೋಟಿ ಮುಟ್ಟಬಹುದು. ಗಂಡಸರಿಗಿಂತ ಹೆಂಗಸರಲ್ಲಿ, ಪೇಟೆಗಿಂತ ಹಳ್ಳಿಯಲ್ಲಿ, ಓದಿದವರಿಗಿಂತ ಓದದವರಲ್ಲಿ ಪ್ರಮಾಣ ಹೆಚ್ಚು. ಈ ಸರಾಸರಿ ಹಿಡಿದರೆ ಇನ್ನೂರು ಹಿರಿಯರಿರುವ ಹಳ್ಳಿಯಲ್ಲಿ ಸುಮಾರು ಹದಿನೈದು ಮಂದಿ ಈ ಕಾಯಿಲೆಯವರು. ಶಾಲೆಯ ಮೆಟ್ಟಿಲು ಹತ್ತದೆ ಹೊಲದಲ್ಲೇ ಬದುಕು ತೆಗೆದ ಹೆಣ್ಣುಮಕ್ಕಳು ಈಗ ಮುಪ್ಪಿಗೆ ಬಂದಿರುವ ಈ ಸೀಮೆಗೆ ಈ ಅಂಕಿ ದೂರದ ಸುದ್ದಿಯಲ್ಲ.

ಇಂಥವರನ್ನು ಯಾರು ನೋಡಿಕೊಳ್ಳುತ್ತಿದ್ದಾರೆ, ಎಲ್ಲಿ, ಯಾರ ನೆರವಿನಿಂದ? ಪಟ್ಟಣದ ಚರ್ಚೆಗಳಲ್ಲಿ ಈ ಪ್ರಶ್ನೆ ಬೇಗ ‘ಮನೆಯೋ, ಆರೈಕೆ ಕೇಂದ್ರವೋ’ ಎಂಬ ವಾದವಾಗಿಬಿಡುತ್ತದೆ. ಈ ನಾಲ್ಕು ತಾಲ್ಲೂಕುಗಳಲ್ಲಿ ಹೆಚ್ಚಿನವರಿಗೆ ಆ ಆಯ್ಕೆಯೇ ಇಲ್ಲ. ಇಲ್ಲಿ ಮನೆಯೇ ಆರೈಕೆ ಕೇಂದ್ರ. ಅದನ್ನು ನಡೆಸುವವಳು ತರಬೇತಿಯಿಲ್ಲದ, ಬಿಡುವಿಲ್ಲದ, ಕೂಲಿಯಿಲ್ಲದ ಒಬ್ಬ ಹೆಂಗಸು. ಸೇವೆಗಳೆಲ್ಲ ಅವಳ ಹೊಸ್ತಿಲಿಗೆ ಬರಬೇಕೇ ಹೊರತು ಮರೆವಿನ ಮುದುಕರನ್ನು ಎತ್ತಿಕೊಂಡು ಅವಳು ಸೇವೆಗಳನ್ನು ಹುಡುಕಿ ಅಲೆಯುವಂತಾಗಬಾರದು.

ಕಾಯಿಲೆ ಅತ್ತೆಗೆ, ಕೆಟ್ಟ ಹೆಸರು ಸೊಸೆಗೆ

ಈ ಕಾಯಿಲೆ ಮನೆಯೊಳಗೆ ಮಾಡುವ ಮೊದಲ ಹಾನಿ ನಂಬಿಕೆಗೆ. ಸಂದೂಕಿನ ಮೂಲೆಯಲ್ಲಿ ತಾನೇ ಬಚ್ಚಿಟ್ಟ ರೊಕ್ಕ ಅತ್ತೆಗೆ ನೆನಪಿರುವುದಿಲ್ಲ. ‘ಸೊಸಿ ಕದ್ದಳು’ ಎನ್ನುತ್ತಾಳೆ. ಉಂಡದ್ದು ನೆನಪಿರುವುದಿಲ್ಲ, ಕಟ್ಟೆಯ ಮೇಲೆ ಕೂತು ‘ಎರಡ ದಿನಾತು, ತುತ್ತ ಹಾಕಿಲ್ಲ’ ಎಂದು ಹೋಗಿಬರುವವರಿಗೆಲ್ಲ ಹೇಳುತ್ತಾಳೆ. ನೆರೆಹೊರೆಯವರು ನಂಬುತ್ತಾರೆ. ರಜೆಗೆ ಬಂದ ಮಗಳು, ಪುಣೆಯಿಂದ ಬಂದ ಮೈದುನ ಕೂಡ ನಂಬುತ್ತಾರೆ. ಹಗಲೂ ರಾತ್ರಿ ಒದ್ದಾಡಿದವಳಿಗೆ ಸಿಗುವ ಬಹುಮಾನ ಇದು.

ಪಕ್ಕದ ಗೋವಾದಲ್ಲಿ ವಿಕ್ರಮ್ ಪಟೇಲ್ ಮತ್ತು ಮಾರ್ಟಿನ್ ಪ್ರಿನ್ಸ್ ನಡೆಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಇದೇ ಕಂಡುಬಂತು. ಜನರಿಗೆ ಲಕ್ಷಣಗಳು ಚೆನ್ನಾಗಿ ಗೊತ್ತಿದ್ದವು. ಆದರೆ ಅದು ವಯಸ್ಸಿನ ಸಹಜ ಫಲ, ಇಲ್ಲವೇ ಮಕ್ಕಳು ಅಲಕ್ಷ್ಯ ಮಾಡಿದ್ದರ ಫಲ ಎಂದು ಅವರು ತಿಳಿದಿದ್ದರು. ಕಾಯಿಲೆಯೆಂದು ತಿಳಿಯದ ಕಡೆ ತಪ್ಪು ಹೊರಲು ಒಂದು ತಲೆ ಬೇಕಾಗುತ್ತದೆ, ಅದು ಬಹುಪಾಲು ಸೊಸೆಯ ತಲೆ. ಹೀಗಾಗಿ ‘ಇದು ರೋಗ, ಈಕೆಯ ತಪ್ಪಲ್ಲ’ ಎಂದು ಡಾಕ್ಟರು ಮನೆಮಂದಿಯೆಲ್ಲರ ಎದುರು ಒಮ್ಮೆ ಹೇಳುವುದು ಮಾತ್ರೆ ಬರೆದುಕೊಡುವುದಕ್ಕಿಂತ ಮೊದಲಿನ ಚಿಕಿತ್ಸೆ.

ತಿಂಗಳ ಪಾಳಿಯ ಕಷ್ಟ

ಅಣ್ಣತಮ್ಮಂದಿರ ವಾಟ್ನಿಯಾದ ಮನೆಗಳಲ್ಲಿ ಅಪ್ಪ-ಅವ್ವನನ್ನು ಪಾಳಿಯ ಮೇಲೆ ಇಟ್ಟುಕೊಳ್ಳುವುದುಂಟು. ಒಂದು ತಿಂಗಳು ಹಿರಿಯ ಮಗನಲ್ಲಿ, ಒಂದು ತಿಂಗಳು ನಡುವಿನವನಲ್ಲಿ, ಒಂದು ತಿಂಗಳು ಕಿರಿಯವನಲ್ಲಿ. ಹೊರೆ ಸಮನಾಗಿ ಹಂಚಿಕೆಯಾಗುತ್ತದೆ, ಯಾರ ಮೇಲೂ ಯಾರಿಗೂ ದೂರಿರುವುದಿಲ್ಲ. ಗಟ್ಟಿಯಾಗಿರುವ ಹಿರಿಯರಿಗೆ ಇದರಿಂದ ಮೊಮ್ಮಕ್ಕಳೆಲ್ಲರ ಒಡನಾಟವೂ ಸಿಗುತ್ತದೆ.

ಮರೆವಿನ ಕಾಯಿಲೆಯವರಿಗೆ ಮಾತ್ರ ಇದೇ ಪದ್ಧತಿ ಗಂಡಾಂತರ. ಹೊಸದನ್ನು ಕಲಿತು ನೆನಪಿಡುವ ಶಕ್ತಿಯೇ ಈ ಕಾಯಿಲೆಯಲ್ಲಿ ಮೊದಲು ಕುಂದುತ್ತದೆ. ಹಳೆಯ ನೆನಪು, ಕೈಗಂಟಿದ ರೂಢಿ ಬಹಳ ಕಾಲ ಉಳಿಯುತ್ತವೆ. ನಲವತ್ತು ವರ್ಷ ಬಾಳಿದ ಮನೆಯಲ್ಲಿ ಬಚ್ಚಲು ಎಲ್ಲಿದೆ, ಬಾಗಿಲು ಯಾವ ದಿಕ್ಕಿಗಿದೆ ಎಂಬುದು ತಲೆಗೆ ಮರೆತರೂ ಕಾಲಿಗೆ ನೆನಪಿರುತ್ತದೆ. ತಿಂಗಳಿಗೊಮ್ಮೆ ಮನೆ ಬದಲಾದರೆ ಆ ಆಸರೆಯೂ ತಪ್ಪುತ್ತದೆ. ರಾತ್ರಿ ಎದ್ದವರು ಬಚ್ಚಲೆಂದು ದನದ ಕೊಟ್ಟಿಗೆಗೆ ಹೋಗುತ್ತಾರೆ, ಕತ್ತಲಲ್ಲಿ ಎಡವುತ್ತಾರೆ, ಸೊಂಟದ ಎಲುಬು ಮುರಿಯುತ್ತದೆ. ಹೊಸ ಮನೆಗೆ ಒಗ್ಗಿಕೊಳ್ಳುವಷ್ಟರಲ್ಲಿ ಮುಂದಿನ ಪಾಳಿ ಬಂದಿರುತ್ತದೆ.

ಹಂಚಿಕೊಳ್ಳುವ ಈ ಒಳ್ಳೆಯ ರೂಢಿಯನ್ನು ಬಿಡಬೇಕಾಗಿಲ್ಲ, ತಿರುಗಿಸಿದರೆ ಸಾಕು. ಹಿರಿಯರು ಹೆಚ್ಚು ಕಾಲ ಬಾಳಿದ ಒಂದೇ ಮನೆಯಲ್ಲಿ ಇರಲಿ, ಪಾಳಿಯ ಮೇಲೆ ಮಕ್ಕಳು ಬರಲಿ. ನೋಡಿಕೊಳ್ಳುವ ಮನೆಗೆ ಉಳಿದವರು ಕಾಳುಕಡಿ, ಔಷಧಿ ಖರ್ಚು ಕೊಡಲಿ. ತಿಂಗಳಲ್ಲಿ ಒಂದು ವಾರ ಬೇರೊಬ್ಬ ಮಗಳೋ ಸೊಸೆಯೋ ಮಗನೋ ಬಂದು ಉಳಿದು, ನಿತ್ಯ ನೋಡಿಕೊಳ್ಳುವವಳನ್ನು ತವರಿಗೆ ಕಳಿಸಲಿ. ಈ ಬದಲಾವಣೆಗೆ ಸರಕಾರದ ಒಂದು ಪೈಸೆಯೂ ಬೇಡ, ಅಣ್ಣತಮ್ಮಂದಿರು ಒಂದು ಸಂಜೆ ಕೂತು ಮಾತಾಡಿದರೆ ಆಗುತ್ತದೆ.

ಮೂವರು ಮಕ್ಕಳೂ ಊರಲ್ಲಿಲ್ಲದ ಮನೆಗಳ ಮಾತು ಬೇರೆ. ಗೋವಾ, ಪುಣೆ, ಮುಂಬೈಗೆ ದುಡಿಯಲು ಹೋಗುವವರು, ಕಬ್ಬು ಕಡಿಯಲು ಹೋಗುವವರು ಈ ತಾಲ್ಲೂಕುಗಳಲ್ಲಿ ಬಹಳ. ಗುಳೆ ಹೋದ ಮನೆಯಲ್ಲಿ ಮರೆವಿನ ಅಜ್ಜಿಯನ್ನು ಶಾಲೆಗೆ ಹೋಗುವ ಮೊಮ್ಮಗಳು ನೋಡಿಕೊಳ್ಳಬೇಕಾಗುತ್ತದೆ. ತಾಂಡಾಗಳಲ್ಲಿ ಇನ್ನೊಂದು ತೊಡಕಿದೆ. ಈ ಕಾಯಿಲೆಯಲ್ಲಿ ಅನೇಕರಿಗೆ ಆಮೇಲೆ ಕಲಿತ ಭಾಷೆ ಮೊದಲು ಜಾರಿ, ಎಳವೆಯ ಭಾಷೆ ಉಳಿಯುತ್ತದೆ. ಜೀವನವಿಡೀ ಸಂತೆಯಲ್ಲಿ ಕನ್ನಡ ಆಡಿದ ಲಂಬಾಣಿ ಯಾಡಿ ಕೊನೆಗೆ ಲಂಬಾಣಿಯಲ್ಲಿ ಮಾತ್ರ ಉತ್ತರ ಕೊಟ್ಟರೆ, ಅವಳ ನೋವು ಎಲ್ಲಿದೆ ಎಂಬುದು ಕನ್ನಡದ ನರ್ಸಿಗೆ ತಿಳಿಯುವುದಿಲ್ಲ.

ಮುಳುಗಿದ ಊರಿಗೆ ಹೋಗುವ ಹಟ

‘ಮನೀಗಿ ಹೋಗೂಣ ನಡಿ’ ಎಂಬುದು ಮರೆವಿನ ಕಾಯಿಲೆಯವರು ಎಲ್ಲ ಕಡೆ ಆಡುವ ಮಾತು. ಸ್ವಂತ ಮನೆಯಲ್ಲೇ ಕೂತು, ಸಂಜೆಯಾಗುತ್ತಲೇ ಚಡಪಡಿಸಿ ಹೊರಡುತ್ತಾರೆ. ಅವರಿಗೆ ನೆನಪಿರುವ ಮನೆ ಎಳವೆಯದು. ಕೃಷ್ಣೆಯ ದಂಡೆಯಲ್ಲಿ ಈ ಮಾತಿಗೆ ಇನ್ನೊಂದು ಭಾರವಿದೆ. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಆಲಮಟ್ಟಿ ಜಲಾಶಯ ತುಂಬಿದಾಗ ಹಳೆಯ ಬಸವನಬಾಗೇವಾಡಿ ಮತ್ತು ಮುದ್ದೇಬಿಹಾಳ ತಾಲ್ಲೂಕುಗಳ ಎಷ್ಟೋ ಕುಟುಂಬಗಳು ಹೊಲ, ಮನೆ, ಗುಡಿ ಬಿಟ್ಟು ಪುನರ್ವಸತಿ ಕೇಂದ್ರಗಳಿಗೆ ಬಂದವು. ಹಳೆಯ ಕೊಲ್ಹಾರ ಹಿನ್ನೀರಿಗೆ ಸೇರಿತು. ಆಗ ನಡುಹರೆಯದಲ್ಲಿದ್ದವರು ಈಗ ಮುದುಕರು. ಅವರಲ್ಲಿ ಒಬ್ಬರು ‘ನಮ್ಮೂರಿಗೆ ಹೋಗತೀನಿ’ ಎಂದು ಹಟ ಹಿಡಿದರೆ ಕರೆದೊಯ್ದು ತೋರಿಸಲು ಊರೇ ಇಲ್ಲ, ದಾರಿ ನೀರಿನಲ್ಲಿ ಮುಗಿಯುತ್ತದೆ.

‘ಆ ಊರ ಮುಳುಗಿ ಹೋತು’ ಎಂದು ಪ್ರತಿ ಸಂಜೆ ತಿಳಿಹೇಳುವುದು ಪ್ರತಿ ಸಂಜೆ ಹೊಸದಾಗಿ ಸಾವಿನ ಸುದ್ದಿ ಮುಟ್ಟಿಸಿದಂತೆ. ಅವರಿಗೆ ಅದು ಮೊದಲ ಸಲ ಕೇಳಿದ ಮಾತು, ಅಳು ಕೂಡ ಮೊದಲ ಸಲದ್ದೇ. ಅನುಭವವಿರುವ ಆರೈಕೆದಾರರು ವಾದಕ್ಕೆ ಇಳಿಯುವುದಿಲ್ಲ. ಅಗಸಿಯ ಮುಂದೆ ಯಾವ ಮರವಿತ್ತು, ಜಾತ್ರೆಯಲ್ಲಿ ತೇರು ಯಾವ ಓಣಿಯಲ್ಲಿ ಬರುತ್ತಿತ್ತು ಎಂದು ಕೇಳುತ್ತಾರೆ. ಒಂದಷ್ಟು ದೂರ ಕೈಹಿಡಿದು ನಡೆಸಿ, ಮಾತು ಬದಲಿಸಿ ಮರಳಿ ಕರೆತರುತ್ತಾರೆ.

ತಾವೇ ಹೊರಟುಹೋಗುವವರಿಗೆ ಕಾಲುವೆ, ತೆರೆದ ಬಾವಿ, ಹೆದ್ದಾರಿಗಳೇ ಅಪಾಯ. ನೀರಾವರಿ ಕಾಲುವೆಗಳು ಊರ ಮಗ್ಗುಲಲ್ಲೇ ಹರಿಯುವ ಈ ಸೀಮೆಯಲ್ಲಿ ಬಾಗಿಲಿಗೆ ಕೈಗೆಟಕದ ಎತ್ತರದಲ್ಲಿ ಚಿಲಕ, ಅಂಗಿಯ ಒಳಭಾಗದಲ್ಲಿ ಹೊಲಿದ ಫೋನ್ ನಂಬರು, ಜೇಬಿನಲ್ಲಿ ಇತ್ತೀಚಿನ ಫೋಟೊ ಎಂಬ ಸಣ್ಣ ಎಚ್ಚರಗಳು ಜೀವ ಉಳಿಸುತ್ತವೆ. ಓಣಿಯ ಅಂಗಡಿಯವರಿಗೆ, ಬಸ್ ಸ್ಟ್ಯಾಂಡಿನ ಚಹಾದವರಿಗೆ ಕಾಯಿಲೆಯ ವಿಷಯ ಹೇಳಿಡುವುದು ಅದಕ್ಕಿಂತ ದೊಡ್ಡ ಕಾವಲು. ಮರ್ಯಾದೆಗೆ ಅಂಜಿ ಮುಚ್ಚಿಟ್ಟ ಮನೆಗಳವರೇ ಹೆಚ್ಚು ಹುಡುಕಾಡಬೇಕಾಗುತ್ತದೆ.

ದವಾಖಾನೆಯ ದಾರಿ

ಎಲ್ಲ ಮರೆವೂ ಗುಣವಾಗದ್ದಲ್ಲ. ವಿಟಮಿನ್ ಬಿ12 ಕೊರತೆ, ಥೈರಾಯ್ಡ್ ದೋಷ, ಖಿನ್ನತೆ, ಬಿದ್ದಾಗ ತಲೆಯೊಳಗೆ ಹೆಪ್ಪುಗಟ್ಟಿದ ರಕ್ತ – ಇವೂ ಮರೆವನ್ನು ತರುತ್ತವೆ, ಇವುಗಳಿಗೆ ಚಿಕಿತ್ಸೆ ಇದೆ. ಮಾಂಸ ಮುಟ್ಟದ, ಹಲ್ಲು ಹೋಗಿ ಗಂಜಿ-ನುಚ್ಚಿನ ಮೇಲೇ ಇರುವ ಹಿರಿಯರಲ್ಲಿ ಬಿ12 ಪರೀಕ್ಷೆ ತಪ್ಪದೆ ಆಗಬೇಕು. ನಿನ್ನೆ ಚೆನ್ನಾಗಿದ್ದವರು ಇವತ್ತು ಒಮ್ಮೆಲೇ ಗೊಂದಲಕ್ಕೆ ಬಿದ್ದರೆ ಅದು ಡಿಮೆನ್ಷಿಯಾ ಏರಿದ್ದಲ್ಲ. ಮೂತ್ರದ ಸೋಂಕು, ಮಲಬದ್ಧತೆ, ಹೊಸ ಔಷಧಿ, ನೀರಿನ ಕೊರತೆ ಏನೋ ಒಂದಿರುತ್ತದೆ. ವಿಜಯಪುರದ ಬೇಸಿಗೆಯಲ್ಲಿ, ನೀರು ಕುಡಿಯುವುದನ್ನೇ ಮರೆಯುವ ಮುದುಕರಿಗೆ ಇದು ಬಹು ಬೇಗ ಆಗುತ್ತದೆ.

ತೋರಿಸಬೇಕಾದದ್ದು ಎಲ್ಲಿ? ರೂಢಿಯಲ್ಲಿ ಇಂಡಿಯವರು ಸೊಲ್ಲಾಪುರದ ಕಡೆ, ಸಿಂದಗಿಯವರು ಕಲಬುರಗಿ ಇಲ್ಲವೇ ವಿಜಯಪುರದ ಕಡೆ, ಮುದ್ದೇಬಿಹಾಳದವರು ಬಾಗಲಕೋಟೆಯ ಕಡೆ ಮುಖ ಮಾಡುತ್ತಾರೆ. ಧಾರವಾಡದಲ್ಲಿ 1845ರಷ್ಟು ಹಿಂದೆಯೇ ಶುರುವಾದ ಮಾನಸಿಕ ಆಸ್ಪತ್ರೆ ಇಂದು ಡಿಮ್ಹಾನ್ಸ್ ಸಂಸ್ಥೆಯಾಗಿದೆ, ಆದರೆ ಅಲ್ಲಿಗೆ ಹೋಗಿಬರುವುದೆಂದರೆ ಎರಡು ದಿನದ ಕೂಲಿ ಹೋದಂತೆ. ಹತ್ತಿರದ ದಾರಿಯೂ ಇದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರ ಸೇವೆ ಸಿಗುವಂತೆ ರಾಜ್ಯ ಸರಕಾರ 2014ರಲ್ಲಿ ‘ಮನೋಚೈತನ್ಯ’ ಕಾರ್ಯಕ್ರಮ ಆರಂಭಿಸಿತು. ‘ಅದು ಹುಚ್ಚರ ದವಾಖಾನಿ’ ಎಂಬ ಸಂಕೋಚದಿಂದ ಹಿರಿಯರನ್ನು ಅಲ್ಲಿಗೆ ಕರೆದೊಯ್ಯಲು ಜನ ಹಿಂಜರಿಯುತ್ತಾರೆ. 2022ರ ಜನವರಿಯಲ್ಲಿ ನಿಮ್ಹಾನ್ಸ್ ಜೊತೆ ಸೇರಿ ಆರಂಭಿಸಿದ ಕರ್ನಾಟಕ ಮೆದುಳು ಆರೋಗ್ಯ ಉಪಕ್ರಮ ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರಿನ ಜಯನಗರದಿಂದ ಹೊರಟು ಬೇರೆ ಜಿಲ್ಲೆಗಳಿಗೂ ಹಬ್ಬಿತು. ಲಕ್ವ, ಮೂರ್ಛೆರೋಗ, ತಲೆನೋವುಗಳ ಜೊತೆಗೆ ಡಿಮೆನ್ಷಿಯಾ ಕೂಡ ಅದರ ವ್ಯಾಪ್ತಿಯಲ್ಲಿದೆ.

ಪರೀಕ್ಷೆಯಲ್ಲೂ ಒಂದು ಎಚ್ಚರ ಬೇಕು. ಓದುಬರಹ ಬಲ್ಲವರಿಗೆಂದು ಮಾಡಿದ ಪ್ರಶ್ನೆಗಳನ್ನು ಅಕ್ಷರ ಕಲಿಯದ ಅಜ್ಜಿಗೆ ಕೇಳಿ, ತಾರೀಕು ಹೇಳಲಿಲ್ಲ, ಚಿತ್ರ ಬಿಡಿಸಲಿಲ್ಲ ಎಂದರೆ ಏನೂ ಸಿದ್ಧವಾಗುವುದಿಲ್ಲ. ಆಕೆಗೆ ಇವತ್ತು ಇಪ್ಪತ್ತನೆಯ ತಾರೀಕೆಂದು ಎಂದೂ ಗೊತ್ತಿರಲಿಲ್ಲ. ಅಮಾಸಿ ಯಾವಾಗ, ಸಂತೆ ಯಾವ ವಾರ ಎಂಬುದು ಗೊತ್ತಿತ್ತು. ಐಸಿಎಂಆರ್ ಭಾರತೀಯ ಭಾಷೆಗಳಿಗಾಗಿ ರೂಪಿಸಿದ ಪರೀಕ್ಷಾ ಸಾಧನಗಳಲ್ಲಿ ಕನ್ನಡವೂ ಸೇರಿದೆ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನ 648 ರೋಗಿಗಳ ಮೇಲೆ ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ಭಾಷೆ ಬಲ್ಲವರಲ್ಲಿ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು, ಓದುಬರಹ ಇಲ್ಲದವರಲ್ಲೂ ಅಂತರವಿತ್ತು. ಕನ್ನಡ, ಮರಾಠಿ, ದಖ್ಖನಿ, ಲಂಬಾಣಿ ಕೂಡಿಬಾಳುವ ಇಂಡಿಯಂಥ ಗಡಿಸೀಮೆಗೆ ಇದು ಭರವಸೆಯ ಮಾತು. ಕಿವಿ ಕೇಳದಿರುವುದು, ಕಣ್ಣಿನ ಪೊರೆ, ಬಿಪಿ, ಸಕ್ಕರೆ ಕಾಯಿಲೆ, ತಂಬಾಕು, ಒಂಟಿತನ ಸೇರಿದಂತೆ ತಡೆಯಬಹುದಾದ 14 ಕಾರಣಗಳನ್ನು ಲ್ಯಾನ್ಸೆಟ್ ಆಯೋಗ 2024ರಲ್ಲಿ ಪಟ್ಟಿ ಮಾಡಿತು. ಅವನ್ನೆಲ್ಲ ನಿವಾರಿಸಿದರೆ ಜಗತ್ತಿನ ಶೇ 45ರಷ್ಟು ಪ್ರಕರಣಗಳನ್ನು ತಡೆಯಬಹುದು ಇಲ್ಲವೇ ಮುಂದೂಡಬಹುದು ಎಂಬುದು ಅದರ ಅಂದಾಜು.

ಬೆಂಗಳೂರಿನ ಕೇಂದ್ರ, ಬಿಜಾಪುರದ ಭಾಷೆ

1992ರಲ್ಲಿ ಕೇರಳದಲ್ಲಿ ಹುಟ್ಟಿದ ಎಆರ್‌ಡಿಎಸ್‌ಐ ಸಂಸ್ಥೆ ಡಿಮೆನ್ಷಿಯಾ ಆರೈಕೆಯನ್ನು ದೇಶದ ಗಮನಕ್ಕೆ ತಂದಿತು. ಬೆಂಗಳೂರಿನಲ್ಲಿ 1998ರಲ್ಲಿ ಆರಂಭವಾದ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ 2010ರಲ್ಲಿ ಕಸ್ತೂರಿನಗರದಲ್ಲಿ ಈ ಕಾಯಿಲೆಯವರಿಗೆಂದೇ ಕೇಂದ್ರ ತೆರೆಯಿತು. ಆಮೇಲೆ ಖಾಸಗಿ ಕೇಂದ್ರಗಳು ಹಲವಾದವು. 2016ರಲ್ಲಿ ಬಂದ ಹೇಮಂತ್ ಎಂ. ರಾವ್ ನಿರ್ದೇಶನದ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಚಿತ್ರದಲ್ಲಿ ಅನಂತ್ ನಾಗ್ ಅಭಿನಯಿಸಿದ ವೆಂಕೋಬ ರಾವ್ ಅಂಥದೊಂದು ಕೇಂದ್ರದ ನಿವಾಸಿ. ಮಗ ಹೊರಗೆ ಕರೆದೊಯ್ದಾಗ ಕಳೆದುಹೋಗುವ ಆ ತಂದೆಯ ಕತೆ ಈ ಕಾಯಿಲೆಯನ್ನು ಕನ್ನಡದ ಎಷ್ಟೋ ಮನೆಗಳ ಮಾತುಕತೆಗೆ ತಂದಿತು.

ಬೆಂಗಳೂರು, ಪುಣೆಗಳಲ್ಲಿ ನೌಕರಿಯಲ್ಲಿರುವ ನಮ್ಮ ಭಾಗದ ಮಕ್ಕಳು ಅಪ್ಪ-ಅವ್ವನನ್ನು ಮೊದಲು ತಮ್ಮ ಫ್ಲ್ಯಾಟಿಗೆ, ಕೈಲಾಗದಾಗ ಇಂಥ ಕೇಂದ್ರಕ್ಕೆ ಒಯ್ಯುತ್ತಾರೆ. ಇದನ್ನು ಪಾಪವೆಂದು ಆಡಿಕೊಳ್ಳುವುದು ಅನ್ಯಾಯ. ರಾತ್ರಿಯಿಡೀ ನಿದ್ದೆಗೆಡಿಸುವ, ಹೊಡೆಯಲು ಬರುವ, ಮಲಮೂತ್ರದ ಅರಿವಿಲ್ಲದ ಹಂತದಲ್ಲಿ ತರಬೇತಾದ ಕೈಗಳು ಬೇಕು. ಒಳ್ಳೆಯ ಕೇಂದ್ರ ಸೇರಿದ ಮೇಲೆ ಅಪ್ಪನ ಮೈ ತುಂಬಿದ್ದು, ಮಗಳ ಕಣ್ಣ ಕೆಳಗಿನ ಕಪ್ಪು ಹೋದದ್ದು ಅನೇಕ ಕುಟುಂಬಗಳ ಅನುಭವ. ಅದರ ಬೆಲೆ ತಿಂಗಳಿಗೆ ಹತ್ತಾರು ಸಾವಿರ ರೂಪಾಯಿ. ನಿಂಬೆ ತೋಟದ ಕೂಲಿಯವರಿಗಿರಲಿ, ಎರಡು ಎಕರೆ ತೊಗರಿ ಬಿತ್ತುವ ರೈತನಿಗೂ ಅದು ಎಟುಕದ ಮಾತು.

ರೊಕ್ಕವಿದ್ದವರಿಗೂ ಇನ್ನೊಂದು ಅಡ್ಡಿಯಿದೆ. ಜೋಳದ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ಉಂಡ ನಾಲಿಗೆಗೆ ಮೂರು ಹೊತ್ತು ಅನ್ನ ಇಳಿಯುವುದಿಲ್ಲ. ಹೊರರಾಜ್ಯದಿಂದ ಬಂದ ಸಹಾಯಕಿಗೆ ‘ನೀರಡಿಕಿ ಆಗೇತಿ’ ಎಂದರೆ ಅರ್ಥವಾಗುವುದಿಲ್ಲ. ಹೇಳಿದ್ದು ತಿಳಿಯದೆ, ಕೇಳಿದ್ದು ಸಿಗದೆ ಸಿಟ್ಟಾದವರನ್ನು ‘ಗಲಾಟೆಯವರು’ ಎಂದು ಬರೆದು ನಿದ್ದೆ ಮಾತ್ರೆ ಹೆಚ್ಚಿಸುವ ಅಪಾಯವಿದೆ. ಕೇಂದ್ರ ನೋಡಲು ಹೋದವರು ಹೊಳೆಯುವ ನೆಲಕ್ಕಿಂತ ಹೆಚ್ಚಾಗಿ ರಾತ್ರಿ ಪಾಳಿಯಲ್ಲಿ ಎಷ್ಟು ಜನ ಸಿಬ್ಬಂದಿ, ಯಾವ ಭಾಷೆ, ಯಾವ ಊಟ, ಕೂಡಿಹಾಕುವುದು ಅಥವಾ ಕಟ್ಟಿಹಾಕುವುದು ಇದೆಯೇ, ಹೇಳದೆ ಬಂದರೂ ಒಳಗೆ ಬಿಡುತ್ತಾರೆಯೇ, ನೋಂದಣಿ ಇದೆಯೇ ಎಂದು ನೋಡಬೇಕು. ಸಾಮಾನ್ಯ ವೃದ್ಧಾಶ್ರಮಗಳಂತೂ ತಮ್ಮ ಕೆಲಸ ತಾವು ಮಾಡಿಕೊಳ್ಳಬಲ್ಲವರನ್ನೇ ಬಯಸುತ್ತವೆ. ಹೆಚ್ಚು ಅಗತ್ಯವಿರುವವರಿಗೇ ಅಲ್ಲಿ ಬಾಗಿಲು ಕಿರಿದು.

ಕಾನೂನು ಮತ್ತು ರೊಕ್ಕ

2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆ ಪ್ರತಿ ಜಿಲ್ಲೆಯಲ್ಲಿ ಕನಿಷ್ಠ 150 ನಿರ್ಗತಿಕ ಹಿರಿಯರಿಗೆ ಸಾಲುವ ವೃದ್ಧಾಶ್ರಮದ ಮಾತಾಡುತ್ತದೆ. ನೋಡಿಕೊಳ್ಳದ ಮಕ್ಕಳ ವಿರುದ್ಧ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಹೋಗಬಹುದು. ಇಂಡಿ, ಸಿಂದಗಿಯವರಿಗೆ ಅದು ಇಂಡಿಯಲ್ಲೇ ಇದೆ. ನೋಡಿಕೊಳ್ಳುವ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು, ಷರತ್ತು ಮುರಿದಾಗ ರದ್ದು ಮಾಡಿಸಲು 23ನೆಯ ಕಲಮಿನಲ್ಲಿ ಅವಕಾಶವಿದೆ. ಆದರೆ ದೂರು ಕೊಡಬೇಕೆಂಬುದನ್ನೇ ಮರೆಯುವವರ ಪರವಾಗಿ ದೂರುವವರು ಯಾರು? ತಾನೇನು ಮಾಡುತ್ತಿದ್ದೇನೆಂದು ತಿಳಿಯದ ಮುದುಕಿಯ ಹೆಬ್ಬೆಟ್ಟು ಒತ್ತಿಸಿಕೊಂಡು ಪಹಣಿ ಬದಲಿಸುವ ಆಸೆ ಹುಟ್ಟುವುದೂ ಇಂಥ ಮನೆಗಳಲ್ಲೇ. ಕಾಯಿಲೆ ಗೊತ್ತಾದ ಕೂಡಲೇ, ಹಿರಿಯರಿಗೆ ಇನ್ನೂ ತಿಳಿವಳಿಕೆ ಇರುವಾಗಲೇ, ಎಲ್ಲ ಮಕ್ಕಳ ಎದುರು ವಕೀಲರನ್ನು ಕೂರಿಸಿಕೊಂಡು ಆಸ್ತಿಯ ವ್ಯವಸ್ಥೆ, ನೋಡಿಕೊಳ್ಳುವ ಷರತ್ತು ಬರೆಸುವುದು ಒಳ್ಳೆಯದು.

ಖರ್ಚಿನ ಲೆಕ್ಕ ಸರಳ. ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 1,200 ರೂಪಾಯಿ. ಡೈಪರ್ ಒಂದಕ್ಕೆ 30 ರೂಪಾಯಿ ಎಂದು ಹಿಡಿದರೂ ದಿನಕ್ಕೆ ಎರಡರಂತೆ 1,800 ಆಗುತ್ತದೆ. ಆದ್ದರಿಂದಲೇ ಹೆಣ್ಣುಮಕ್ಕಳು ಹಳೆಯ ಧೋತರ, ಸೀರೆಯ ತುಂಡುಗಳನ್ನು ದಿನವೂ ಒಗೆದು ಒಣಹಾಕುತ್ತಾರೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಆಸ್ಪತ್ರೆ ಸೇರಿದರೆ ನೆರವಾಗುತ್ತದೆ, ಸ್ನಾನ ಮಾಡಿಸಿ ಉಣಿಸುವ ವರ್ಷಗಟ್ಟಲೆಯ ದುಡಿಮೆಗೆ ಅಲ್ಲ. ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್ಸ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1,000 ರೂಪಾಯಿ ಕೊಡುವುದಾಗಿ 2024–25ರ ರಾಜ್ಯ ಬಜೆಟ್ ಘೋಷಿಸಿತು. ಆರೈಕೆಯೂ ದುಡಿಮೆ ಎಂದು ಸರಕಾರ ಒಪ್ಪಿದ್ದು ದೊಡ್ಡ ಹೆಜ್ಜೆ. ಆ ಸಾಲಿಗೆ ಡಿಮೆನ್ಷಿಯಾ ಸೇರಬೇಕು.

ಮನೆಗೇ ಬರುವ ಸೇವೆ

ದಾರಿ ಹೊಸದಾಗಿ ಕಂಡುಹಿಡಿಯಬೇಕಾಗಿಲ್ಲ. ಅಮಿತ್ ಡಯಾಸ್, ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಗೋವಾದ 81 ಕುಟುಂಬಗಳೊಂದಿಗೆ ಮಾಡಿ 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮನೆಮನೆಗೆ ಹೋದವರು ಡಾಕ್ಟರಲ್ಲ, ತರಬೇತಿ ಪಡೆದ ಸ್ಥಳೀಯ ಕಾರ್ಯಕರ್ತೆಯರು. ಕಾಯಿಲೆಯ ಬಗ್ಗೆ ತಿಳಿಹೇಳುವುದು, ಹಟ-ಸಿಟ್ಟನ್ನು ನಿಭಾಯಿಸುವ ಬಗೆ ಕಲಿಸುವುದು, ಸಿಗುವ ಸೌಲಭ್ಯ ಕೊಡಿಸುವುದು ಅವರ ಕೆಲಸ. ಅಷ್ಟರಿಂದಲೇ ನೋಡಿಕೊಳ್ಳುವವರ ಮನಸ್ಸಿನ ಆರೋಗ್ಯ ಸುಧಾರಿಸಿತು. ಕೇರಳದಲ್ಲಿ 2008ರ ಉಪಶಾಮಕ ಆರೈಕೆ ನೀತಿಯ ನಂತರ ಪಂಚಾಯಿತಿಗಳ ಮೂಲಕ ನರ್ಸುಗಳು ಹಾಸಿಗೆ ಹಿಡಿದವರ ಮನೆಗೆ ಹೋಗುತ್ತಾರೆ. ನಮ್ಮ ರಾಜ್ಯವೂ ಹಿಂದೆ ಬಿದ್ದದ್ದಲ್ಲ: 1980ರ ದಶಕದಲ್ಲಿ ಬಳ್ಳಾರಿಯಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗವೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. 2024ರಲ್ಲಿ ಕೋಲಾರದಲ್ಲಿ ಆರಂಭಿಸಿದ ‘ಗೃಹ ಆರೋಗ್ಯ’ ಯೋಜನೆ ಬಿಪಿ, ಸಕ್ಕರೆ ಕಾಯಿಲೆಗಳ ತಪಾಸಣೆಯನ್ನು ಮನೆಬಾಗಿಲಿಗೆ ಒಯ್ಯುತ್ತದೆ. ಅದೇ ಭೇಟಿಯಲ್ಲಿ ‘ಹಿರಿಯರು ದಾರಿ ತಪ್ಪುತ್ತಾರೇನು, ಉಂಡದ್ದು ಮರೆಯುತ್ತಾರೇನು’ ಎಂಬ ಎರಡು ಪ್ರಶ್ನೆ ಸೇರಿಸುವುದು ಕಷ್ಟದ ಕೆಲಸವಲ್ಲ.

ಈ ನಾಲ್ಕು ತಾಲ್ಲೂಕುಗಳಿಗೆ ಬೇಕಾದದ್ದು ಇಷ್ಟು: ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದ ವ್ಯಾಪ್ತಿಯಲ್ಲಿ ತರಬೇತಾದ, ಊರ ಭಾಷೆಯ, ಗೌರವಧನ ಪಡೆಯುವ ಒಬ್ಬಳು ಆರೈಕೆ ಸಹಾಯಕಿ. ತಾಲ್ಲೂಕು ಕೇಂದ್ರಗಳಲ್ಲಿ ಬೆಳಿಗ್ಗೆ ಬಿಟ್ಟು ಸಂಜೆ ಕರೆದೊಯ್ಯಬಹುದಾದ ಹಗಲು ತಾಣ. ದಾಸೋಹ ನಡೆಸಿ ರೂಢಿಯಿರುವ ಮಠಗಳು ಜಾಗ ಮತ್ತು ಊಟ ಕೊಟ್ಟರೆ ಅರ್ಧ ಕೆಲಸ ಆದಂತೆ. ಜಿಲ್ಲಾ ಕೇಂದ್ರದಲ್ಲಿ, ಮನೆಯವರು ಕಾಯಿಲೆ ಬಿದ್ದಾಗ ಅಥವಾ ಗುಳೆ ಹೋದಾಗ ಹದಿನೈದು ದಿನ ಇಟ್ಟುಕೊಳ್ಳುವ ಹತ್ತಿಪ್ಪತ್ತು ಹಾಸಿಗೆಗಳ ಸರಕಾರಿ ಆರೈಕೆ ಮನೆ. ಅಲ್ಲಿಯವರೆಗೆ ಕುಟುಂಬಗಳು ಹಿರಿಯರ ಸಹಾಯವಾಣಿ 14567ಕ್ಕೆ, ಮನಸ್ಸು ಸೋತಾಗ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಎಲ್ಲಕ್ಕೂ ಮೊದಲ ಕೆಲಸ ಎಣಿಕೆ. ಗ್ರಾಮ ಪಂಚಾಯಿತಿಗಳು ಆಶಾ ಕಾರ್ಯಕರ್ತೆಯರ ಜೊತೆ ಕೂಡಿ, ಅವರಿಗೆ ಅದಕ್ಕೆ ತಕ್ಕ ಸಂಭಾವನೆ ಕೊಟ್ಟು, ತಮ್ಮ ಊರಲ್ಲಿ ಇಂಥ ಮನೆಗಳೆಷ್ಟು ಎಂಬ ಪಟ್ಟಿ ಮಾಡಲಿ. ನಾಲ್ಕೂ ಕ್ಷೇತ್ರಗಳ ಶಾಸಕರು ಆ ಪಟ್ಟಿ ಹಿಡಿದು ಮುಂದಿನ ಬಜೆಟ್ಟಿನಲ್ಲಿ ಕೇಳಲಿ. ಎಣಿಕೆಗೆ ಬಾರದ ಕಾಯಿಲೆಗೆ ಹಣ ಬರುವುದಿಲ್ಲ, ಹಣ ಬಾರದೆ ಆ ಮನೆಯ ಸೊಸೆಗೆ ಒಂದು ರಾತ್ರಿಯ ಪೂರ್ತಿ ನಿದ್ದೆಯೂ ಸಿಗುವುದಿಲ್ಲ.